ಶಬ್ದ ಉಂಟು, ಚಿತ್ರ ಇಲ್ಲ: 4ಕೆ ಮತ್ತು ಅದಕ್ಕೂ ಅಗಲದ ವಿಡಿಯೊ ಎಕ್ಸ್‌ಪೋರ್ಟ್‌ನಲ್ಲಿ ದೋಷ ಹುಡುಕುವ ಬಗೆ

ಪತ್ತನಾಜೆ ಕಳೆದು ಊರಿನಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮುಂಬೈಯಲ್ಲಿ ಆಟದ, ಅಂದರೆ ಯಕ್ಷಗಾನ ಪ್ರದರ್ಶನದ ಕಾಲ ಶುರು. ಹೊರಗೆ ಜೋರು ಮಳೆ, ಸಭಾಗೃಹದ ಒಳಗೆ ಚೆಂಡೆ. ನಾನು ಡೊಂಬಿವಲಿಯಲ್ಲಿ ಇದ್ದು ಈ ಆಟಗಳ ವಿಡಿಯೊ ಮಾಡುತ್ತೇನೆ. ಮಾಹಿಮ್, ಮಾಟುಂಗ, ಕುರ್ಲಾ, ಎಲ್ಲಿ ಕರೆದರೂ ಕ್ಯಾಮೆರಾ ಹೊತ್ತುಕೊಂಡು ಲೋಕಲ್ ಹತ್ತುತ್ತೇನೆ.

ಒಂದು ಸಂಘದ ವಾರ್ಷಿಕೋತ್ಸವಕ್ಕೆ ಹಳೆಯ ಆಟಗಳ ತುಣುಕು ಸೇರಿಸಿ 6 ನಿಮಿಷದ ವಿಡಿಯೊ ಮಾಡಿದ್ದೆ. ವೇದಿಕೆಯ ಹಿಂದೆ 12 ಮೀಟರ್ ಅಗಲ, 3 ಮೀಟರ್ ಎತ್ತರದ ಎಲ್‌ಇಡಿ ವಾಲ್. ಸಂಜೆ 5 ಗಂಟೆಗೆ ಆಪರೇಟರ್ ಹುಡುಗ ಫೈಲ್ ಓಡಿಸಿದ. ಭಾಗವತರ ದನಿ ಸಭೆ ತುಂಬ ಕೇಳಿತು. ವಾಲ್ ಮಾತ್ರ ಕಪ್ಪು.

"ದಾದಾ, ವಿಡಿಯೊ ದಿಸತ್ ನಾಹೀ. ಫಕ್ತ ಆವಾಜ್ ಯೇತೋಯ್," ಎಂದ. ವಿಡಿಯೊ ಕಾಣುತ್ತಿಲ್ಲ, ಬರೀ ಶಬ್ದ ಬರುತ್ತಿದೆ ಅಂತ.

ಸಂಘದ ಕಾರ್ಯದರ್ಶಿ ಓಡಿ ಬಂದರು. "ಎಂತ ಆಯ್ತು ಮಾರಾಯ? ಮನೆಯಲ್ಲಿ ಸರಿ ಇತ್ತಲ್ಲ?"

"ಸರಿ ಇತ್ತು ಅಣ್ಣ. ಸ್ವಲ್ಪ ಹೊತ್ತು ಕೊಡಿ, ನೋಡ್ತೇನೆ."

ಆ ಸಂಜೆ ಹುಡುಕಿದ ದಾರಿಯನ್ನೂ, ಅದರ ಹಿಂದೆ ಮುಂದೆ ಕಂಡ ಬೇರೆ ದೋಷಗಳನ್ನೂ ಇಲ್ಲಿ ಬರೆದಿದ್ದೇನೆ. ಸಂಘಗಳಲ್ಲಿ ಈ ಕೆಲಸ ಮಾಡುವವರು ಹೆಚ್ಚಿನವರು ಆಫೀಸು ಮುಗಿಸಿ ಬಂದು ರಾತ್ರಿ ಕೂರುವವರು. ಒಂದು ತಪ್ಪು ಎಕ್ಸ್‌ಪೋರ್ಟ್ ಅಂದರೆ ಅವರ ಒಂದು ರಾತ್ರಿಯ ನಿದ್ದೆ ಹೋಯಿತು ಅಂತಲೇ ಲೆಕ್ಕ.

ದೋಷ ಹುಟ್ಟಿದ್ದು ಎಲ್ಲಿ?

ತೊಂದರೆ ಕಂಡ ಕೂಡಲೇ ಎಕ್ಸ್‌ಪೋರ್ಟ್ ಕಿಟಕಿ ತೆರೆದು ಬಿಟ್‌ರೇಟ್ (ಒಂದು ಸೆಕೆಂಡ್ ವಿಡಿಯೊಗೆ ಬರೆಯುವ ಮಾಹಿತಿಯ ಪ್ರಮಾಣ) ಏರಿಸಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಆದರೆ ದೋಷ ಹುಟ್ಟಲು ನಾಲ್ಕು ಜಾಗ ಇವೆ. ಕ್ಯಾಮೆರಾ ಕೊಟ್ಟ ಮೂಲ ಫೈಲ್, ಎಡಿಟಿಂಗ್ ಟೈಮ್‌ಲೈನ್, ಹೊರಬಂದ ಫೈಲ್, ಅದನ್ನು ಓಡಿಸುವ ಯಂತ್ರ. ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಿಂದ ನೇರವಾಗಿ ವಾಸಿಯಾಗುವುದು ಮೂರನೆಯದು ಮಾತ್ರ.

ಹಾಗಾಗಿ ದೋಷ ಕಾಣುವ ಒಂದು ಕ್ಷಣ ಆರಿಸಿ, ಸಮಯ ಬರೆದುಕೊಳ್ಳಿ. ಅದೇ ಫ್ರೇಮ್ ಅನ್ನು ನಾಲ್ಕು ಕಡೆಯಲ್ಲೂ ನಿಲ್ಲಿಸಿ ನೋಡಿ. ಮೂಲ ಫೈಲ್‌ನಲ್ಲೇ ಇದ್ದರೆ ಎಕ್ಸ್‌ಪೋರ್ಟ್ ಮುಟ್ಟಿ ಪ್ರಯೋಜನ ಇಲ್ಲ. ಮೂಲದಲ್ಲಿ ಚೆನ್ನಾಗಿದ್ದು ಟೈಮ್‌ಲೈನ್‌ನಲ್ಲಿ ಕೆಟ್ಟಿದ್ದರೆ ಟೈಮ್‌ಲೈನ್ ಸೆಟ್ಟಿಂಗ್ ನೋಡಿ. ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುವ ಫೈಲ್ ಬೇರೆ ಕಡೆ ಓಡದಿದ್ದರೆ ಆ ಯಂತ್ರಕ್ಕೆ ಏನು ಜೀರ್ಣವಾಗುತ್ತದೆ ಎಂದು ವಿಚಾರಿಸಿ.

ಇದಕ್ಕೆ ಎರಡು ಉಪಾಯ ನನಗೆ ತುಂಬಾ ಉಪಯೋಗಕ್ಕೆ ಬಂದಿವೆ. ಒಂದು, ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್. ಫೈಲ್ ಅನ್ನು ಅದರ ಮೇಲೆ ಎಳೆದು ಹಾಕಿದರೆ ಕೋಡೆಕ್ (ವಿಡಿಯೊ ಕುಗ್ಗಿಸಿದ ವಿಧಾನ), ಪ್ರೊಫೈಲ್, ಅಗಲ ಎತ್ತರ, ಫ್ರೇಮ್‌ರೇಟ್, ಬಿಟ್ ಡೆಪ್ತ್ ಎಲ್ಲ ಹೇಳುತ್ತದೆ. ಇನ್ನೊಂದು, ಹೊರಬಂದ ಫೈಲ್ ಅನ್ನು ಮತ್ತೆ ಟೈಮ್‌ಲೈನ್‌ಗೆ ತಂದು ಮೂಲದ ಮೇಲೆ ಇಟ್ಟು ಬ್ಲೆಂಡ್ ಮೋಡನ್ನು 'ಡಿಫರೆನ್ಸ್' ಮಾಡುವುದು. ಎರಡೂ ಒಂದೇ ಆಗಿದ್ದರೆ ಸ್ಕ್ರೀನ್ ಕಪ್ಪಾಗಿ ಇರುತ್ತದೆ. ಎಲ್ಲಿ ವ್ಯತ್ಯಾಸ ಉಂಟೋ ಅಲ್ಲಿ ಬೆಳಕು ಕಾಣುತ್ತದೆ. ಒಂದು ಫ್ರೇಮ್ ಹಿಂದೆ ಮುಂದೆ ಆಗಿದ್ದರೂ ಗೊತ್ತಾಗುತ್ತದೆ.

ಕಪ್ಪು ವಾಲ್

ಈಗ ಆ ಸಂಜೆಗೆ ಬರೋಣ. ಫೈಲ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿತ್ತು. ಆಪರೇಟರ್ ಲ್ಯಾಪ್‌ಟಾಪ್‌ನಲ್ಲಿ ಅವನ ಪ್ಲೇಯರ್ ಕಪ್ಪು ತೋರಿಸಿತು. ಅದೇ ಲ್ಯಾಪ್‌ಟಾಪ್‌ನಲ್ಲಿ ವಿಎಲ್‌ಸಿ ಹಾಕಿ ನೋಡಿದೆ. ಚಿತ್ರ ಬಂತು, ಆದರೆ ತಡವರಿಸುತ್ತ ಓಡಿತು. ಅಂದರೆ ಫೈಲ್ ಕೆಟ್ಟಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದೆ. ಸಿಪಿಯು ತುಂಬಿ ತುಳುಕುತ್ತಿತ್ತು. ಗ್ರಾಫಿಕ್ಸ್ ವಿಭಾಗದಲ್ಲಿ 'ವಿಡಿಯೊ ಡಿಕೋಡ್' ಗೆರೆ ಸೊನ್ನೆಯಲ್ಲಿ ಮಲಗಿತ್ತು. ಇದೇ ದೊಡ್ಡ ಸುಳಿವು. ಗ್ರಾಫಿಕ್ಸ್ ಚಿಪ್ ಈ ಫೈಲ್ ಅನ್ನು ಕೈಗೇ ತೆಗೆದುಕೊಂಡಿಲ್ಲ.

ಯಾಕೆ? ವಾಲ್‌ನ ಲೆಕ್ಕ ನೋಡಿ. ಪಿಚ್, ಅಂದರೆ ಒಂದು ಪಿಕ್ಸೆಲ್‌ನಿಂದ ಇನ್ನೊಂದಕ್ಕೆ ಇರುವ ಅಂತರ, 2.6 ಮಿಲಿಮೀಟರ್. ವಾಲ್ ಅನ್ನು ಕ್ಯಾಬಿನೆಟ್ ಎಂಬ ತುಂಡುಗಳನ್ನು ಜೋಡಿಸಿ ಮಾಡುತ್ತಾರೆ. ಅರ್ಧ ಮೀಟರ್ ಚೌಕದ ಒಂದು ಕ್ಯಾಬಿನೆಟ್‌ನಲ್ಲಿ 192×192 ಪಿಕ್ಸೆಲ್. ಅಗಲಕ್ಕೆ 24 ಕ್ಯಾಬಿನೆಟ್, ಎತ್ತರಕ್ಕೆ 6. ಒಟ್ಟು 4608×1152. ನಾನು ವಾಲ್‌ಗೆ ಸರಿಯಾಗಿ ಅಷ್ಟೇ ಗಾತ್ರದ ಫೈಲ್ ಅನ್ನು ಎಚ್.264 ಕೋಡೆಕ್‌ನಲ್ಲಿ ಮಾಡಿದ್ದೆ. ಒಟ್ಟು ಪಿಕ್ಸೆಲ್ ಸುಮಾರು 53 ಲಕ್ಷ. ಮಾಮೂಲಿ 4ಕೆ, ಅಂದರೆ 3840×2160ರಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತವೆ. 4ಕೆ ಓಡಿಸುವ ಲ್ಯಾಪ್‌ಟಾಪ್ ಅದಕ್ಕಿಂತ ಚಿಕ್ಕದನ್ನು ಓಡಿಸಬೇಕಿತ್ತು, ಅಲ್ವಾ?

ತೊಂದರೆ ಒಟ್ಟು ಪಿಕ್ಸೆಲ್‌ನದ್ದಲ್ಲ, ಅಗಲದ್ದು. ಬಹಳಷ್ಟು ಗ್ರಾಫಿಕ್ಸ್ ಚಿಪ್‌ಗಳಲ್ಲಿ ಎಚ್.264 ಬಿಡಿಸುವ (ಡಿಕೋಡ್ ಮಾಡುವ) ಭಾಗ 4096 ಪಿಕ್ಸೆಲ್ ಅಗಲಕ್ಕೆ ನಿಲ್ಲುತ್ತದೆ. ಎಚ್.264 ನಿಯಮದ ಪ್ರಕಾರ 4608×1152 ತಪ್ಪಲ್ಲ, ಲೆವೆಲ್ 5.1ರ ಒಳಗೇ ಬರುತ್ತದೆ. ಹಾಗಾಗಿ ಎಡಿಟಿಂಗ್ ಸಾಫ್ಟ್‌ವೇರ್ ತಕರಾರು ಇಲ್ಲದೆ ಫೈಲ್ ಬರೆದು ಕೊಟ್ಟಿತು. ನಿಯಮ ಒಪ್ಪಿದರೂ ಚಿಪ್ ಒಪ್ಪಲಿಲ್ಲ. ಚಿಪ್ ಕೈಬಿಟ್ಟಾಗ ವಿಎಲ್‌ಸಿ ಸಿಪಿಯುವಿನಿಂದ ಮಾಡಿಸಿಕೊಂಡಿತು. ಆಪರೇಟರ್‌ನ ಪ್ಲೇಯರ್ ಹಾಗೆ ಮಾಡದೆ ಕಪ್ಪು ತೋರಿಸಿತು. ನನ್ನ ಲ್ಯಾಪ್‌ಟಾಪ್‌ನ ಸಿಪಿಯು ಹೊಸದು, ಅದು ಹೇಗೋ ಎಳೆದುಕೊಂಡು ಹೋಗುತ್ತಿತ್ತು. ಮನೆಯಲ್ಲಿ ಸರಿ ಇದ್ದದ್ದು ಅದಕ್ಕೇ.

ಇದಕ್ಕೆ ದಾರಿ ಮೂರು. ಎಚ್.265ರಲ್ಲಿ ಅದೇ ಗಾತ್ರದ ಫೈಲ್ ಮಾಡಬಹುದು. ಅದನ್ನು ಬಿಡಿಸಬಲ್ಲ ಬಹಳಷ್ಟು ಚಿಪ್‌ಗಳು 8192 ಅಗಲದವರೆಗೆ ಹೋಗುತ್ತವೆ. ಇಲ್ಲವೇ ವಾಲ್ ಓಡಿಸುವ ಸಾಫ್ಟ್‌ವೇರ್ ಒಪ್ಪುವುದಾದರೆ ಹ್ಯಾಪ್ ಕೋಡೆಕ್. ಅದು ಗ್ರಾಫಿಕ್ಸ್ ಚಿಪ್‌ಗೆ ನೇರವಾಗಿ ಸಿಗುವ ರೂಪದಲ್ಲಿ ಚಿತ್ರ ಇಡುತ್ತದೆ, ಸಿಪಿಯುಗೆ ಭಾರ ಕಡಿಮೆ. ಆದರೆ ಫೈಲ್ ತುಂಬಾ ದೊಡ್ಡದು, ಎಸ್‌ಎಸ್‌ಡಿ ಬೇಕೇ ಬೇಕು. ಅಗಲ ಎತ್ತರ ಎರಡೂ 4ರಿಂದ ಭಾಗವಾಗುವಂತೆ ಇಟ್ಟುಕೊಳ್ಳಿ. ಮೂರನೆಯದು ಗಾತ್ರ ಇಳಿಸುವುದು.

ನಾನು ಅಂದು ಮೂರನೆಯದನ್ನೇ ಮಾಡಿದೆ. 4608×1152ರ ಆಕಾರ 4ಕ್ಕೆ 1. 3840×960 ಕೂಡ 4ಕ್ಕೆ 1. ಆ ಗಾತ್ರದಲ್ಲಿ ಎಚ್.264 ಮಾಡಿ ಕೊಟ್ಟೆ, ಕೂಡಲೇ ಓಡಿತು. ವಾಲ್‌ನ ಪ್ರೊಸೆಸರ್ ಅದನ್ನು 1.2 ಪಟ್ಟು ಹಿಗ್ಗಿಸಿತು. ಸಣ್ಣ ಅಕ್ಷರಗಳ ಅಂಚು ತುಸು ಮೆದುವಾಯಿತು. ಕೂತವರಿಗೆ ಅದು ಕಾಣುವಷ್ಟಲ್ಲ.

ಆಮೇಲೆ ಹುಡುಗನ ಹತ್ತಿರ ಕೂತು ಕೇಳಿದಾಗ ಇನ್ನೊಂದು ವಿಷಯ ತಿಳಿಯಿತು. ಆ ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಕೇಬಲ್‌ನಿಂದ ಹೊರಡುತ್ತಿದ್ದದ್ದೇ 3840×2160ರ ಸಿಗ್ನಲ್, ಅದೂ 30 ಹರ್ಟ್ಸ್‌ನಲ್ಲಿ. ಹಳೆಯ ಎಚ್‌ಡಿಎಂಐ 1.4ರಲ್ಲಿ ಆ ಗಾತ್ರಕ್ಕೆ ಅಷ್ಟೇ ಮಿತಿ. ಅಂದರೆ ನನ್ನ 4608ರ ಫೈಲ್ ಓಡಿದ್ದರೂ ಕೇಬಲ್‌ಗೆ ಹೋಗುವ ಮೊದಲು 3840ಕ್ಕೆ ಇಳಿಯುತ್ತಿತ್ತು. ಆ ಎಲ್ಲ ಶ್ರಮ ಸುಮ್ನೆ.

ಅಂದಿನಿಂದ ಎಡಿಟಿಂಗ್ ಶುರು ಮಾಡುವ ಮೊದಲೇ ವಾಲ್‌ನವರಿಗೆ ಫೋನ್ ಮಾಡುತ್ತೇನೆ. ಅಗಲಕ್ಕೆ ಎಷ್ಟು ಕ್ಯಾಬಿನೆಟ್, ಎತ್ತರಕ್ಕೆ ಎಷ್ಟು, ಒಂದರಲ್ಲಿ ಎಷ್ಟು ಪಿಕ್ಸೆಲ್, ಲ್ಯಾಪ್‌ಟಾಪ್‌ನಿಂದ ಹೋಗುವ ಸಿಗ್ನಲ್ ಎಷ್ಟರದ್ದು, ಎಷ್ಟು ಹರ್ಟ್ಸ್, ಯಾವ ಸಾಫ್ಟ್‌ವೇರ್‌ನಲ್ಲಿ ಓಡಿಸುತ್ತೀರಿ. "ಪಿಚ್ ಎಷ್ಟು" ಅಂತ ಒಂದೇ ಕೇಳಿದರೆ ಸಾಕಾಗುವುದಿಲ್ಲ. ಇನ್ನೂ ಒಂದು ಮಾತು: ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲಿ 3840×2160ಕ್ಕಿಂತ ದೊಡ್ಡ ಫೈಲ್ ಹೊರಬರುವುದಿಲ್ಲ. ಅದರಲ್ಲಿ ಕೆಲಸ ಮಾಡುವವರು ವಾಲ್ ಎಷ್ಟೇ ಅಗಲ ಇದ್ದರೂ ಆ ಮಿತಿಯೊಳಗೇ ಯೋಚಿಸಬೇಕು.

ಶಬ್ದ ಬಂದು ಚಿತ್ರ ಬಾರದಿರಲು ಬೇರೆ ಕಾರಣಗಳೂ ಇವೆ. ವಿಂಡೋಸ್‌ನ ಸ್ವಂತ ಪ್ಲೇಯರ್‌ಗೆ ಎಚ್.265 ಓಡಿಸಲು ಬೇರೆ ಎಕ್ಸ್‌ಟೆನ್ಷನ್ ಬೇಕಾಗುತ್ತದೆ. ಅದು ಇಲ್ಲದ ಲ್ಯಾಪ್‌ಟಾಪ್‌ಗಳು ಸಂಘಗಳಲ್ಲಿ ತುಂಬಾ ಇವೆ. ಟಿವಿಯಲ್ಲಿ ಪೆನ್‌ಡ್ರೈವ್ ಹಾಕಿದಾಗ ಹೀಗಾದರೆ ಬಿಟ್ ಡೆಪ್ತ್ (ಒಂದೊಂದು ಬಣ್ಣಕ್ಕೆ ಎಷ್ಟು ಬಿಟ್ ಎಂಬುದು) ನೋಡಿ. 10 ಬಿಟ್‌ನ ಎಚ್.264, 4:2:2 ಬಣ್ಣದ ಎಚ್.264 ಇವನ್ನು ಹೆಚ್ಚಿನ ಟಿವಿಗಳು ಬಿಡಿಸುವುದಿಲ್ಲ. 10 ಬಿಟ್ ಬೇಕಿದ್ದರೆ ಎಚ್.265 ಮೇನ್ 10 ಆರಿಸಿ. ಇಲ್ಲದಿದ್ದರೆ 8 ಬಿಟ್, 4:2:0 ಸಾಕು. 4:2:0 ಅಂದರೆ ಏನು ಎಂದು ಕೆಂಪು ಹರಡುವ ಭಾಗದಲ್ಲಿ ಹೇಳಿದ್ದೇನೆ.

ಧೀಂಗಿಣದಲ್ಲಿ ಚಿತ್ರ ಚೌಕ ಚೌಕ ಆಗುವುದು

ಇದು ನನ್ನನ್ನು ಹೆಚ್ಚು ಕಾಡಿದ ದೋಷ. ಅರ್ಥಗಾರಿಕೆಯ ಹೊತ್ತಿನಲ್ಲಿ ಚಿತ್ರ ಕನ್ನಡಿಯ ಹಾಗೆ ಇರುತ್ತದೆ. ಕಲಾವಿದ ಎದ್ದು ಧೀಂಗಿಣ (ಗಿರಗಿರನೆ ಸುತ್ತುವ ಕುಣಿತ) ಹಾಕಿದ ಕೂಡಲೇ ಕಿರೀಟದ ಕುಸುರಿ ಕರಗಿ ಹೋಗುತ್ತದೆ, ಎದೆಯ ಆಭರಣ ಕಲಸಿದ ಹಾಗೆ ಆಗುತ್ತದೆ. ಜನ ಕಾದು ಕೂತದ್ದೇ ಆ ಕ್ಷಣಕ್ಕೆ. ಆಗಲೇ ಚಿತ್ರ ಕೆಟ್ಟರೆ ಆ ಕಲಾವಿದನಿಗೆ ನಾವು ಮಾಡಿದ ಅನ್ಯಾಯ ಅಂತ ನನಗೆ ಅನಿಸುತ್ತದೆ.

ಕಾರಣ ಹೀಗೆ. 3840×2160ರ ಒಂದು ಫ್ರೇಮ್ ಅನ್ನು 8 ಬಿಟ್, 4:2:0ರಲ್ಲಿ ಕುಗ್ಗಿಸದೆ ಇಟ್ಟರೆ ಸುಮಾರು 12.4 ಎಂಬಿ. 25 ಫ್ರೇಮ್‌ನ ವಿಡಿಯೊಗೆ 45 ಎಂಬಿಪಿಎಸ್ (ಸೆಕೆಂಡಿಗೆ 45 ಮೆಗಾಬಿಟ್) ಕೊಟ್ಟರೆ ಒಂದು ಫ್ರೇಮ್‌ಗೆ ಸಿಗುವುದು ಸರಾಸರಿ 225 ಕೆಬಿ. ಅಂದರೆ 55ರಲ್ಲಿ 1 ಪಾಲು. ಹಿಂದಿನ ಫ್ರೇಮ್‌ಗೂ ಈ ಫ್ರೇಮ್‌ಗೂ ಏನು ಬದಲಾಯಿತು ಎಂದಷ್ಟೇ ಬರೆದು ಎನ್‌ಕೋಡರ್ ಜಾಗ ಉಳಿಸುತ್ತದೆ. ಅರ್ಥ ಹೇಳುವಾಗ ಬದಲಾಗುವುದು ಮುಖ, ಕೈ. ಧೀಂಗಿಣದಲ್ಲಿ ಎಲ್ಲವೂ ಬದಲಾಗುತ್ತದೆ. ಅದರ ಮೇಲೆ ಕಿರೀಟದ ಹೊಳಪು ಪ್ರತಿ ಫ್ರೇಮ್‌ನಲ್ಲೂ ಬೇರೆ ಬೇರೆ ಕಡೆ ಮಿಂಚುತ್ತದೆ. ಹೊಗೆ ಬಿಟ್ಟು ಬಣ್ಣದ ಲೈಟ್ ಬದಲಿಸಿದರಂತೂ ಎನ್‌ಕೋಡರ್‌ಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ.

ಮೊದಲು ಮೂಲ ಫೈಲ್‌ನಲ್ಲಿ ಅದೇ ಕ್ಷಣ ನೋಡಿ. ಕ್ಯಾಮೆರಾವೇ ಕಡಿಮೆ ಬಿಟ್‌ರೇಟ್‌ನಲ್ಲಿ ಬರೆದಿದ್ದರೆ ಚೌಕಗಳು ಅಲ್ಲೇ ಇರುತ್ತವೆ. ಫೋನ್‌ನಲ್ಲಿ ತೆಗೆದದ್ದರಲ್ಲಿ ಇದು ಜಾಸ್ತಿ. ಮೂಲ ಸ್ವಚ್ಛ ಇದ್ದರೆ ಎಕ್ಸ್‌ಪೋರ್ಟ್ ನೋಡಿ.

ನಾನು ಇಡೀ ಆಟವನ್ನು ಎಕ್ಸ್‌ಪೋರ್ಟ್ ಮಾಡಿ ಪರೀಕ್ಷೆ ಮಾಡುವುದಿಲ್ಲ. ಆಟದಲ್ಲಿ ಅತಿ ಕಷ್ಟದ 20 ಸೆಕೆಂಡ್ ಹುಡುಕುತ್ತೇನೆ. ಧೀಂಗಿಣ, ಲೈಟ್ ಬದಲಾವಣೆ, ಹೊಳೆಯುವ ವೇಷ ಎಲ್ಲ ಒಟ್ಟಿಗೆ ಬರುವ ಜಾಗ. ಅಷ್ಟನ್ನೇ 20, 35, 45, 60 ಎಂಬಿಪಿಎಸ್‌ನಲ್ಲಿ ನಾಲ್ಕು ಸಲ ಹೊರತೆಗೆದು 100 ಶೇಕಡಾ ಗಾತ್ರದಲ್ಲಿ ಫ್ರೇಮ್ ಫ್ರೇಮ್ ನೋಡುತ್ತೇನೆ. ಯಾವ ಅಂಕಿಯಿಂದ ಮೇಲೆ ವ್ಯತ್ಯಾಸ ಕಾಣುವುದಿಲ್ಲವೋ ಅದೇ ನನ್ನ ಅಂಕಿ. ಈ 20 ಸೆಕೆಂಡ್ ಪಾಸಾದರೆ ಉಳಿದ ಮೂರು ಗಂಟೆ ತಾನಾಗಿ ಪಾಸಾಗುತ್ತದೆ.

ಬಿಟ್‌ರೇಟ್ ಹಂಚುವ ರೀತಿಯೂ ಮುಖ್ಯ. ಸಿಬಿಆರ್ (ಬದಲಾಗದ ಬಿಟ್‌ರೇಟ್) ಇಟ್ಟರೆ ಅರ್ಥಗಾರಿಕೆಗೂ ಧೀಂಗಿಣಕ್ಕೂ ಒಂದೇ ಪಾಲು. ವಿಬಿಆರ್ (ಬದಲಾಗುವ ಬಿಟ್‌ರೇಟ್) 2 ಪಾಸ್ ಇಟ್ಟರೆ ಎನ್‌ಕೋಡರ್ ಮೊದಲ ಸುತ್ತಿನಲ್ಲಿ ಇಡೀ ಪ್ರಸಂಗ ನೋಡಿಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ಮಾತಿನ ಜಾಗದಲ್ಲಿ ಉಳಿಸಿ ಕುಣಿತದ ಜಾಗದಲ್ಲಿ ಖರ್ಚು ಮಾಡುತ್ತದೆ. ನಾನು ಗುರಿ 45, ಗರಿಷ್ಠ 80 ಇಡುತ್ತೇನೆ. ಸಮಯ ಹೆಚ್ಚು ಬೇಕು. ಹಾರ್ಡ್‌ವೇರ್ ಎನ್‌ಕೋಡಿಂಗ್ ಆರಿಸಿದರೆ ಎಷ್ಟೋ ಸಲ 2 ಪಾಸ್ ಆಯ್ಕೆಯೇ ಕಾಣುವುದಿಲ್ಲ, ಆಗ ಸಾಫ್ಟ್‌ವೇರ್ ಎನ್‌ಕೋಡಿಂಗ್‌ಗೆ ಬದಲಿಸಿ ನೋಡಿ. ಅವಸರ ಇದ್ದಾಗ ಹಾರ್ಡ್‌ವೇರ್ ಒಳ್ಳೆಯದೇ, ಬಿಟ್‌ರೇಟ್ ಸ್ವಲ್ಪ ಜಾಸ್ತಿ ಕೊಟ್ಟರೆ ಆಯಿತು.

ಕೆಂಪು ಹರಡುವುದು

ಯಕ್ಷಗಾನದ ವೇಷಗಳಲ್ಲಿ ಕೆಂಪು ಬಹಳ. ಕಪ್ಪು ಪರದೆಯ ಮುಂದೆ ಆ ಕೆಂಪಿನ ಅಂಚು, ನೀರು ಬಿದ್ದ ಕುಂಕುಮದ ಹಾಗೆ ಹರಡಿ ಕಾಣುತ್ತದೆ. ಬಣ್ಣದ ವೇಷದ ಮುಖದ ಚಿಟ್ಟಿ ಬೇರೆ ಬೇರೆ ಚುಕ್ಕೆಯಾಗಿ ಕಾಣದೆ ಒಂದೇ ಬಿಳಿ ಗೆರೆ ಆಗಿಬಿಡುತ್ತದೆ.

4:2:0ರಲ್ಲಿ ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ. ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್‌ಗೆ ಒಂದು. 4ಕೆ ವಿಡಿಯೊದಲ್ಲಿ ಬಣ್ಣ ನಿಜವಾಗಿ 1920×1080 ಅಷ್ಟೇ. ಹಸಿರಿನಲ್ಲಿ ಇದು ಗೊತ್ತಾಗುವುದಿಲ್ಲ. ಹಸಿರಿನ ವಿವರ ಹೆಚ್ಚಾಗಿ ಬೆಳಕಿನ ಮಾಹಿತಿಯಲ್ಲೇ ಬರುತ್ತದೆ. ಕೆಂಪಿಗೆ ಹಾಗಲ್ಲ. ರೆಕ್.709, ಅಂದರೆ ಎಚ್‌ಡಿ ವಿಡಿಯೊದ ಬಣ್ಣದ ನಿಯಮದ ಲೆಕ್ಕದಲ್ಲಿ ಬೆಳಕಿನಲ್ಲಿ ಕೆಂಪಿನ ಪಾಲು 21 ಶೇಕಡಾ ಮಾತ್ರ, ಹಸಿರಿನದ್ದು 72. ಹಾಗಾಗಿ ಅಚ್ಚ ಕೆಂಪು ಬಟ್ಟೆಯ ನೆರಿಗೆ, ಅಂಚು ಎಲ್ಲ ಆ ಅರ್ಧ ಗಾತ್ರದ ಬಣ್ಣದ ಮೇಲೆ ನಿಂತಿವೆ.

ಬಿಟ್‌ರೇಟ್ ಏರಿಸಿದರೆ ಇದು ಪೂರ್ತಿ ಹೋಗುವುದಿಲ್ಲ. ನಾನು ಬಣ್ಣ ಹೊಂದಿಸುವಾಗಲೇ ಕೆಂಪಿನ ಸ್ಯಾಚುರೇಷನ್ ತುಸು ಇಳಿಸುತ್ತೇನೆ. ಕಣ್ಣಿಗೆ ವ್ಯತ್ಯಾಸ ಹೆಚ್ಚು ಕಾಣುವುದಿಲ್ಲ, ಅಂಚು ಮಾತ್ರ ಗಟ್ಟಿಯಾಗುತ್ತದೆ. ಕ್ಯಾಮೆರಾದಲ್ಲಿ ಬಣ್ಣದ ಮಾಹಿತಿ ಹೆಚ್ಚು ಇರುವ 4:2:2 ಇದ್ದರೆ ಅದರಲ್ಲೇ ತೆಗೆಯಿರಿ. ಕಾದಿಡುವ ಮಾಸ್ಟರ್ ಫೈಲ್ ಅನ್ನು ಪ್ರೋರೆಸ್ 422ರಂಥದ್ದರಲ್ಲಿ ಇಡಿ. ಟಿವಿಗೆ ಕೊಡುವ ಫೈಲ್ 4:2:0 ಇರಲಿ, ಯೂಟ್ಯೂಬ್ ಏನು ಕೊಟ್ಟರೂ ತಾನೇ 4:2:0 ಮಾಡುತ್ತದೆ, ಅದಕ್ಕೆ ಬೇಸರ ಬೇಡ.

ಚೆಂಡೆಯ ಪೆಟ್ಟು ಹಿಂದೆ ಮುಂದೆ ಆಗುವುದು

ತುಟಿ ಮತ್ತು ಮಾತು ಸ್ವಲ್ಪ ತಪ್ಪಿದರೆ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಚೆಂಡೆಯ ಕೋಲು ಬಿದ್ದ ಕ್ಷಣ ಮತ್ತು ಸದ್ದು ತಪ್ಪಿದರೆ ಮಕ್ಕಳಿಗೂ ಗೊತ್ತಾಗುತ್ತದೆ. ಹಾಗಾಗಿ ಪರೀಕ್ಷೆಗೆ ಚೆಂಡೆಯವರ ಕೈಯನ್ನೇ ನೋಡಿ. ಆಟದ ಶುರುವಿನಲ್ಲಿ ಒಂದು ಪೆಟ್ಟು, ಕೊನೆಯಲ್ಲಿ ಒಂದು ಪೆಟ್ಟು. ಎರಡು ಕಡೆಯೂ ಅಂತರ ಎಷ್ಟು ಫ್ರೇಮ್ ಎಂದು ಎಣಿಸಿ.

ಅಂತರ ಎರಡೂ ಕಡೆ ಒಂದೇ ಇದ್ದರೆ ಚಿಂತೆ ಇಲ್ಲ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸಭೆಯ ಹಿಂದೆ 30 ಮೀಟರ್ ದೂರದಲ್ಲಿ ನಿಂತ ಕ್ಯಾಮೆರಾದ ಮೈಕಿಗೆ ಚೆಂಡೆ ಕೇಳಲು 87 ಮಿಲಿಸೆಕೆಂಡ್ ಬೇಕು. 25 ಫ್ರೇಮ್‌ನ ವಿಡಿಯೊದಲ್ಲಿ ಅದು ಎರಡು ಫ್ರೇಮ್. ಧ್ವನಿ ಅಷ್ಟು ಬೇಗ ಬರುವ ಹಾಗೆ ಟೈಮ್‌ಲೈನ್‌ನಲ್ಲಿ ಎಳೆದರೆ ಮುಗಿಯಿತು. ನೋಡುವಾಗ ಬ್ಲೂಟೂತ್ ಸ್ಪೀಕರ್ ಹಾಕಿದ್ದರೆ ಅದನ್ನು ತೆಗೆದು ಮತ್ತೆ ನೋಡಿ, ಅದೂ ತಡ ಮಾಡುತ್ತದೆ.

ಅಂತರ ಬೆಳೆಯುತ್ತ ಹೋದರೆ ವಿಷಯ ಬೇರೆ. ಆಗ ಫ್ರೇಮ್‌ರೇಟ್ ತಪ್ಪಿದೆ. 29.97 ಫ್ರೇಮ್‌ನ ಕ್ಲಿಪ್ ಅನ್ನು ಸಾಫ್ಟ್‌ವೇರ್ 30 ಎಂದು ಓದಿದರೆ ಒಂದು ಗಂಟೆಗೆ 3.6 ಸೆಕೆಂಡ್ ತಪ್ಪುತ್ತದೆ. ಫೋನ್‌ನಲ್ಲಿ ತೆಗೆದದ್ದು ಇನ್ನೂ ಕಷ್ಟ. ಫೋನ್‌ಗಳು ಫ್ರೇಮ್‌ರೇಟ್ ಅನ್ನು ಬದಲಿಸುತ್ತ ಬರೆಯುತ್ತವೆ. ಬೆಳಕು ಕಡಿಮೆ ಆದರೆ ಒಂದು, ಫೋನ್ ಬಿಸಿಯಾದರೆ ಇನ್ನೊಂದು. ಮೀಡಿಯಾಇನ್ಫೋದಲ್ಲಿ ಫ್ರೇಮ್‌ರೇಟ್ ಮೋಡ್ 'ವೇರಿಯಬಲ್' ಎಂದು ಕಂಡರೆ ಆ ಕ್ಲಿಪ್ ಅನ್ನು ಟೈಮ್‌ಲೈನ್‌ಗೆ ಹಾಕುವ ಮೊದಲು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್‌ನಲ್ಲಿ 'ಕಾನ್‌ಸ್ಟೆಂಟ್' ಮಾಡಿಕೊಳ್ಳಿ, ಗುಣಮಟ್ಟ ಹೆಚ್ಚು ಇಟ್ಟುಕೊಳ್ಳಿ (ಅದರ ಆರ್‌ಎಫ್ ಅಂಕಿ ಕಡಿಮೆ ಆದಷ್ಟು ಗುಣಮಟ್ಟ ಹೆಚ್ಚು). ಎಡಿಟಿಂಗ್ ಮುಗಿದ ಮೇಲೆ ಸರಿ ಮಾಡಲು ಹೋದರೆ ಇಡೀ ಕೆಲಸ ಮತ್ತೆ ಮಾಡಿದ ಹಾಗೆ.

ಜರ್ಕ್, ಮಿನುಗು, ಮಾಸಿದ ಚಿನ್ನ

ಒಂದು ಕ್ಯಾಮೆರಾ 25ರಲ್ಲಿ, ಫೋನ್ 30ರಲ್ಲಿ ತೆಗೆದಿದ್ದರೆ 25ರ ಟೈಮ್‌ಲೈನ್‌ನಲ್ಲಿ ಫೋನ್‌ನ ಕ್ಲಿಪ್ ಜರ್ಕ್ ಹೊಡೆಯುತ್ತದೆ. ಪ್ರತಿ ಸೆಕೆಂಡ್ 5 ಫ್ರೇಮ್ ಬಿದ್ದು ಹೋಗುತ್ತವೆ, ಆರರಲ್ಲಿ ಒಂದು. ಇದು ಎಕ್ಸ್‌ಪೋರ್ಟ್ ದೋಷ ಅಲ್ಲ. ಆಟದ ಮೊದಲೇ ಚೌಕಿಯ (ವೇಷ ಕಟ್ಟುವ ಜಾಗದ) ಹತ್ತಿರ ಎಲ್ಲ ಕ್ಯಾಮೆರಾದವರೂ ಸೇರಿ ಒಂದೇ ಅಂಕಿ ಇಟ್ಟುಕೊಳ್ಳಿ. ನಾವು 25 ಅಥವಾ 50 ಇಡುವುದಕ್ಕೆ ಕಾರಣ ಉಂಟು. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಕೆಲವು ಲೈಟ್‌ಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇದ್ದರೆ ಅದು ಕಾಣುವುದಿಲ್ಲ. 30 ಫ್ರೇಮ್, 1/60 ಶಟರ್ ಇಟ್ಟರೆ ಚಿತ್ರದ ಮೇಲೆ ಕಪ್ಪು ಪಟ್ಟಿ ಮೆಲ್ಲಗೆ ಹರಿಯುತ್ತದೆ. ಒಮ್ಮೆ ಬಂದ ಪಟ್ಟಿಯನ್ನು ಯಾವ ಎಕ್ಸ್‌ಪೋರ್ಟ್ ಸೆಟ್ಟಿಂಗೂ ತೆಗೆಯುವುದಿಲ್ಲ.

ಫೈಲ್ 25ರದ್ದೇ ಆಗಿದ್ದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಜರ್ಕ್ ಕಂಡರೆ ಸ್ಕ್ರೀನ್ 60 ಹರ್ಟ್ಸ್‌ನಲ್ಲಿ ಇದೆಯೋ ನೋಡಿ. 60ರೊಳಗೆ 25 ಸಮನಾಗಿ ಕೂರುವುದಿಲ್ಲ. ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ 50 ಹರ್ಟ್ಸ್ ಸಿಕ್ಕಿದರೆ ಅದಕ್ಕೆ ಬದಲಿಸಿ.

ಫೋನ್‌ನ ಕ್ಲಿಪ್‌ನಲ್ಲಿ ಕಿರೀಟದ ಚಿನ್ನ ಬಿಳಿಯಾಗಿ ಸುಟ್ಟ ಹಾಗೆ ಕಂಡರೆ, ಇಲ್ಲವೇ ಇಡೀ ಚಿತ್ರ ಮಾಸಿದ ಹಾಗೆ ಕಂಡರೆ, ಫೋನ್ ಎಚ್‌ಡಿಆರ್‌ನಲ್ಲಿ (ಬೆಳಕಿನ ವ್ಯಾಪ್ತಿ ಹೆಚ್ಚಿರುವ ರೀತಿಯಲ್ಲಿ) ತೆಗೆದಿದೆ. 2020ರ ಐಫೋನ್ 12ರಿಂದ ಈಚೆಗೆ ಇದು ಸಾಮಾನ್ಯ. ಮೀಡಿಯಾಇನ್ಫೋದಲ್ಲಿ ಬಿಟಿ.2020 (ರೆಕ್.2020) ಎಂದು ಇರುತ್ತದೆ. ಆ ಕ್ಲಿಪ್ ಅನ್ನು ರೆಕ್.709ಕ್ಕೆ ಪರಿವರ್ತಿಸಿದ ಮೇಲೆಯೇ ಉಳಿದದ್ದರ ಜೊತೆ ಸೇರಿಸಿ. ಎಲ್ಲ ಕ್ಲಿಪ್‌ಗಳೂ ರೆಕ್.709 ಇದ್ದು ಹೊರಬಂದ ಫೈಲ್ ಮಾತ್ರ ಮಾಸಿದ್ದರೆ ಫುಲ್, ಲಿಮಿಟೆಡ್ ರೇಂಜ್ ಅದಲು ಬದಲಾಗಿದೆಯೋ ನೋಡಿ. 8 ಬಿಟ್ ವಿಡಿಯೊದಲ್ಲಿ ಕಪ್ಪು 16ರಲ್ಲಿ, ಬಿಳಿ 235ರಲ್ಲಿ ಇರುವುದು ವಾಡಿಕೆ.

ಎಕ್ಸ್‌ಪೋರ್ಟ್ ಅರ್ಧದಲ್ಲಿ ನಿಂತರೆ

ಪ್ರತಿ ಸಲ ಒಂದೇ ಶೇಕಡಾದಲ್ಲಿ ನಿಲ್ಲುತ್ತದೆಯೋ, ಬೇರೆ ಬೇರೆ ಕಡೆಯೋ ನೋಡಿ. ಒಂದೇ ಕಡೆ ಆದರೆ ಟೈಮ್‌ಲೈನ್‌ನ ಆ ಜಾಗಕ್ಕೆ ಹೋಗಿ. ಅಲ್ಲಿ ಹಾಳಾದ ಕ್ಲಿಪ್ ಅಥವಾ ಭಾರದ ಎಫೆಕ್ಟ್ ಇರುತ್ತದೆ. ಗ್ರಾಫಿಕ್ಸ್ ಮೆಮೊರಿ 1080ಕ್ಕೆ ಸಾಕಾಗಿ 4ಕೆಗೆ ಸಾಲದೆ ಬರಬಹುದು. ಆ ಎಫೆಕ್ಟ್ ಇರುವ ತುಣುಕನ್ನು ಮಾತ್ರ ಬೇರೆ ಎಕ್ಸ್‌ಪೋರ್ಟ್ ಮಾಡಿ ವಾಪಸ್ ಇಡಿ. ಬೇರೆ ಬೇರೆ ಕಡೆ ನಿಂತರೆ ಬಿಸಿ, ಡಿಸ್ಕ್ ಜಾಗ, ಕರೆಂಟ್ ಈ ಮೂರರಲ್ಲಿ ಒಂದು.

ಡಿಸ್ಕ್‌ನ ವೇಗವೂ ನೋಡಿ. 25 ಫ್ರೇಮ್‌ನ 4ಕೆ ಪ್ರೋರೆಸ್ 422 ಎಚ್‌ಕ್ಯು 737 ಎಂಬಿಪಿಎಸ್. ಅಂದರೆ ಸೆಕೆಂಡಿಗೆ ಸುಮಾರು 92 ಮೆಗಾಬೈಟ್. ಎರಡು ಕ್ಯಾಮೆರಾದ ಅಂಥ ಫೈಲ್‌ಗಳನ್ನು ಒಂದೇ ಹಳೆಯ ಪೋರ್ಟೆಬಲ್ ಹಾರ್ಡ್ ಡಿಸ್ಕ್‌ನಿಂದ ಓದಿ, ಅದರ ಮೇಲೆಯೇ ಬರೆಯಲು ಹೇಳಿದರೆ ಅದು ಏದುಸಿರು ಬಿಡುತ್ತದೆ. ಓದುವುದು ಒಂದರಿಂದ, ಬರೆಯುವುದು ಇನ್ನೊಂದಕ್ಕೆ ಇರಲಿ.

ಮಳೆಗಾಲದಲ್ಲಿ ನಮ್ಮ ಕಡೆ ರಾತ್ರಿ ಕರೆಂಟ್ ಹೋಗಿ ಮೂರು ಗಂಟೆಯ ಆಟದ ಎಂಪಿ4 ಒಮ್ಮೆ ಪೂರ್ತಿ ಹೋಯಿತು. ಎಂಪಿ4ರ ವಿಷಯಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತಾರೆ. ಅದು ಇಲ್ಲದಿದ್ದರೆ 50 ಜಿಬಿ ಇದ್ದರೂ ಪ್ಲೇಯರ್‌ಗೆ ಓದಲು ಬರುವುದಿಲ್ಲ. ಅಂದಿನಿಂದ ನಾನು ಅರ್ಧ ಅರ್ಧ ಗಂಟೆಯ ಭಾಗ ಮಾಡಿ ಹೊರತೆಗೆಯುತ್ತೇನೆ. ಆಮೇಲೆ ಮತ್ತೆ ಎನ್‌ಕೋಡ್ ಮಾಡದೆ ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರ್‌ನಲ್ಲಿ ಜೋಡಿಸುತ್ತೇನೆ. ಎಲ್ಲ ಭಾಗಕ್ಕೂ ಸೆಟ್ಟಿಂಗ್ ಒಂದೇ ಇರಬೇಕು, ಅಷ್ಟೇ.

ಫೈಲ್ ಸರಿ ಇದ್ದು ಪೆನ್‌ಡ್ರೈವ್‌ಗೆ ಹೋಗದಿದ್ದರೆ ಆ ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಇರುತ್ತದೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವ ಹಾಗಿಲ್ಲ. 45 ಎಂಬಿಪಿಎಸ್‌ನ ವಿಡಿಯೊ 13 ನಿಮಿಷ ಆಗುವ ಮೊದಲೇ ಆ ಮಿತಿ ಮುಟ್ಟುತ್ತದೆ. ಎಕ್ಸ್‌ಫ್ಯಾಟ್ ಮಾಡಿ, ಆದರೆ ಆ ಟಿವಿ ಅದನ್ನು ಓದುತ್ತದೆಯೋ ಎಂದು ಮೊದಲು ನೋಡಿಕೊಳ್ಳಿ.

ಯೂಟ್ಯೂಬ್‌ನಲ್ಲಿ ಮಸುಕು

ಅಪ್‌ಲೋಡ್ ಆದ ಕೂಡಲೇ ಊರಿನಿಂದ ಫೋನ್ ಬರುತ್ತದೆ, "ವಿಡಿಯೊ ಮಸುಕು ಉಂಟಲ್ಲ?" ಎಂದು. ಕಾಯಿರಿ. ಯೂಟ್ಯೂಬ್ ಮೊದಲು ಸಣ್ಣ ಗಾತ್ರ ತಯಾರು ಮಾಡುತ್ತದೆ, 4ಕೆ ಬರುವುದು ಆಮೇಲೆ. 4ಕೆ ಆಯ್ಕೆ ಕಾಣಿಸುವವರೆಗೆ ಫೈಲ್ ಮುಟ್ಟಬೇಡಿ. 24, 25, 30 ಫ್ರೇಮ್‌ನ 4ಕೆಗೆ ಯೂಟ್ಯೂಬ್ ಸೂಚಿಸುವುದು 35ರಿಂದ 45 ಎಂಬಿಪಿಎಸ್, 50 ಮತ್ತು 60 ಫ್ರೇಮ್‌ಗೆ 53ರಿಂದ 68. ಅದಕ್ಕಿಂತ ಜಾಸ್ತಿ ಕೊಟ್ಟರೂ ಅದು ತನ್ನ ಲೆಕ್ಕದಲ್ಲಿ ಮತ್ತೆ ಕುಗ್ಗಿಸುತ್ತದೆ.

ವಾಲ್‌ಗೆ ಮೊದಲು ಕಳಿಸುವ ಚಿತ್ರ

ಎಲ್‌ಇಡಿ ವಾಲ್ ಇರುವ ಕಾರ್ಯಕ್ರಮ ಅಂದರೆ ಈಗ ನಾನು ವಿಡಿಯೊಗಿಂತ ಮೊದಲು ಒಂದು ಪರೀಕ್ಷೆಯ ಚಿತ್ರ ಕಳಿಸುತ್ತೇನೆ. ವಾಲ್‌ಗೆ ಕೊಡುವ ಫೈಲ್‌ನದ್ದೇ ಗಾತ್ರ. ಅಂಚಿನ ಸುತ್ತ ತೆಳು ಬಿಳಿ ಗೆರೆ, ನಡುವೆ ಒಂದು ವೃತ್ತ, ನಾಲ್ಕು ಮೂಲೆಯಲ್ಲಿ 1, 2, 3, 4 ಅಂಕಿ. ಗೆರೆ ಒಂದು ಕಡೆ ಕಾಣದಿದ್ದರೆ ಚಿತ್ರ ಕತ್ತರಿಸಿ ಹೋಗುತ್ತಿದೆ. ವೃತ್ತ ಮೊಟ್ಟೆಯಾಗಿದ್ದರೆ ಹಿಗ್ಗಿಸುವ ಲೆಕ್ಕ ತಪ್ಪಿದೆ. ಅದರ ಜೊತೆ ಧೀಂಗಿಣದ ಆ 20 ಸೆಕೆಂಡಿನ ಫೈಲ್ ಕೂಡ ಇರುತ್ತದೆ, ಹಿಂದಿನ ದಿನವೇ.

ಮುಂದಿನ ಆಟಕ್ಕೆ ಅದೇ ಹುಡುಗ ಬಂದಿದ್ದ. ಹಿಂದಿನ ದಿನ ಮಧ್ಯಾಹ್ನ ಫೋನ್ ಮಾಡಿದ. "ದಾದಾ, ಚಾರೀ ಬಾಜೂಲಾ ಲೈನ್ ದಿಸತೇಯ್. ಗೋಲ್ ಪಣ್ ಬರೋಬರ್ ಆಹೇ." ನಾಲ್ಕೂ ಬದಿ ಗೆರೆ ಕಾಣುತ್ತಿದೆ, ವೃತ್ತವೂ ಸರಿ ಇದೆ ಅಂತ.